ಸರಕು ಹಡಗುಗಳ ಮೇಲೆ ಜಲಾಂತರ್ಗಾಮಿ ಯುದ್ಧ

(ಹುಬ್ಬಳ್ಳಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಘಟ್ಟದ ಮೇಲಿನ ಹುಬ್ಬಳ್ಳಿಯಲ್ಲಿ ಸಮುದ್ರಯುದ್ಧದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿರಬೇಕು. ಹತ್ತಿಯಿಂದ ಶುರು ಮಾಡುತ್ತೇನೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾದ ಕೂಡಲೇ ಅಧ್ಯಕ್ಷ ಲಿಂಕನ್ ದಕ್ಷಿಣ ರಾಜ್ಯಗಳ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿದರು. ಅಲ್ಲಿಂದ ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಗಿರಣಿಯವರ ಕಣ್ಣು ನಮ್ಮ ಎರೆಭೂಮಿಯ ಮೇಲೆ ಬಿತ್ತು. ಗದಗ, ಡಂಬಳ, ಹುಬ್ಬಳ್ಳಿ ಸೀಮೆಯಲ್ಲಿ ಧಾರವಾಡ-ಅಮೆರಿಕನ್ ತಳಿಯನ್ನು ಆಗಲೇ ಬೆಳೆಯುತ್ತಿದ್ದರು. ಬೆಲೆ ಗಗನಕ್ಕೇರಿತು. ಹತ್ತಿಯ ಅಂಡಿಗೆ ಹೊತ್ತ ಚಕ್ಕಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋದವು. ಲಿವರ್‌ಪೂಲ್ ಪೇಟೆಯಲ್ಲಿ ಕುಮಟಾ ಹತ್ತಿ ಎಂಬುದು ಒಂದು ಬಗೆಯ ಹತ್ತಿಯ ಹೆಸರೇ ಆಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಕಾರವಾರ ಬಂದರನ್ನು ಬೆಳೆಸುವ ಆಸೆಯೂ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ನೆಲಕಚ್ಚಿತು. ಸಮುದ್ರ ನೋಡದ ನಮ್ಮ ರೈತರು ಏರಿದ ಬೆಲೆಯನ್ನೂ ಉಂಡರು, ಕುಸಿದ ಬೆಲೆಯನ್ನೂ ಉಂಡರು.

ಅದೇ ದಿಗ್ಬಂಧನವನ್ನು ಒಡೆಯಲು ದಕ್ಷಿಣದವರು ಹನ್ಲಿ ಎಂಬ ಜಲಾಂತರ್ಗಾಮಿ ದೋಣಿಯನ್ನು ಕಟ್ಟಿದರು. ಸುಮಾರು 40 ಅಡಿ ಉದ್ದದ ಕಬ್ಬಿಣದ ಕೊಳವೆ, ಒಳಗೆ ಎಂಟು ಜನ. ಎಂಜಿನ್ ಇಲ್ಲ, ಕೈಯಿಂದಲೇ ದಂಡ ತಿರುಗಿಸಿ ನಡೆಸಬೇಕು. ಪರೀಕ್ಷೆ ಮಾಡುವಾಗಲೇ ಎರಡು ಸಲ ಮುಳುಗಿ 13 ಜನರನ್ನು ನುಂಗಿತ್ತು. 1864ರ ಫೆಬ್ರವರಿ 17ರ ರಾತ್ರಿ ಚಾರ್ಲ್ಸ್‌ಟನ್ ಬಂದರಿನಾಚೆ ಕಾವಲಿದ್ದ ಹೌಸಟಾನಿಕ್ ಎಂಬ ಯುದ್ಧನೌಕೆಯನ್ನು ಅದು ಮುಳುಗಿಸಿತು. ತಾನೂ ಮರಳಿ ಬರಲಿಲ್ಲ. ಜಲಾಂತರ್ಗಾಮಿಯೊಂದು ಶತ್ರುವಿನ ಯುದ್ಧನೌಕೆಯನ್ನು ಮುಳುಗಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಅಂದರೆ ಈ ಆಯುಧದ ಮೊದಲ ಗೆಲುವು ಸರಕಿನ ದಾರಿಗಾಗಿ ನಡೆದ ಜಗಳದಲ್ಲೇ ಸಿಕ್ಕಿತು. ಆ ಸರಕಿನಲ್ಲಿ ನಮ್ಮ ಪಾಲೂ ಇತ್ತು.

ನೌಕಾಯುದ್ಧ ಎಂದೊಡನೆ ನಮ್ಮ ಕಣ್ಣೆದುರು ಬರುವುದು ದೊಡ್ಡ ತೋಪುಗಳ ಯುದ್ಧನೌಕೆಗಳು. ಆದರೆ ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳಲ್ಲಿ ಸಮುದ್ರದ ಸೋಲು-ಗೆಲುವು ಬಹುಪಾಲು ತೀರ್ಮಾನವಾದದ್ದು ಸರಕು ಹಡಗುಗಳ ಲೆಕ್ಕದಲ್ಲಿ ಎಂದು ನಾನು ನಂಬಿದ್ದೇನೆ. ತಿಂಗಳಿಗೆ ಎಷ್ಟು ಟನ್ ಮುಳುಗಿತು, ಎಷ್ಟು ಟನ್ ಹೊಸದಾಗಿ ಕಟ್ಟಿದರು, ಎಷ್ಟು ಸರಕು ದಡ ಮುಟ್ಟಿತು ಎಂಬ ಲೆಕ್ಕ ಅದು. ಸರಕು ಹಡಗನ್ನು ಕಾಯುವುದೇ ನೌಕಾಪಡೆಯ ಮೊದಲ ಕೆಲಸ ಎಂದು ಒಪ್ಪಿಕೊಂಡ ದೇಶ ಉಳಿಯಿತು. ಅದನ್ನು ಕೀಳು ಕೆಲಸವೆಂದು ಕಂಡ ದೇಶ ಸೋತಿತು.

ಮೊದಲ ಮಹಾಯುದ್ಧದ ಶುರುವಿನಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ. 1914ರ ಸೆಪ್ಟೆಂಬರ್ 22ನ್ನು ತೆಗೆದುಕೊಳ್ಳಿ. ಅಂದು ರಾತ್ರಿ ಜರ್ಮನಿಯ ಎಮ್ಡನ್ ಹಡಗು ಮದರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿತು. ನಮ್ಮ ದೇಶದಲ್ಲಿ ಆ ಕಥೆ ಇಂದಿಗೂ ಜೀವಂತ. ಆದರೆ ಅಂದೇ ಮುಂಜಾನೆ ಉತ್ತರ ಸಮುದ್ರದಲ್ಲಿ ಯು-9 ಎಂಬ ಜರ್ಮನ್ ಜಲಾಂತರ್ಗಾಮಿ ಒಂದೂವರೆ ತಾಸಿನೊಳಗೆ ಬ್ರಿಟನ್ನಿನ ಮೂರು ಕ್ರೂಸರ್‌ಗಳನ್ನು ಮುಳುಗಿಸಿತ್ತು. 1,400ಕ್ಕೂ ಹೆಚ್ಚು ನಾವಿಕರು ಸತ್ತರು. ಯುದ್ಧದ ಮುಂದಿನ ದಾರಿಯನ್ನು ತೋರಿಸಿದ್ದು ಮದರಾಸಿನ ಬೆಂಕಿಗಿಂತ ಹೆಚ್ಚಾಗಿ ಈ ಘಟನೆ. ಅದಾಗಿ ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 20ರಂದು, ಯು-17 ನಾರ್ವೆಯ ಕರಾವಳಿಯ ಹತ್ತಿರ ಗ್ಲಿಟ್ರಾ ಎಂಬ ಸಣ್ಣ ಸರಕು ಹಡಗನ್ನು ತಡೆದು, ಸಿಬ್ಬಂದಿಯನ್ನು ದೋಣಿಗಿಳಿಸಿ, ಹಡಗನ್ನು ಮುಳುಗಿಸಿತು. ಜಲಾಂತರ್ಗಾಮಿಗೆ ಬಲಿಯಾದ ಮೊದಲ ವಾಣಿಜ್ಯ ಹಡಗು ಅದು.

ಅಲ್ಲಿ ನಡೆದುಕೊಂಡ ರೀತಿ ಹಳೆಯ ಕಾನೂನಿನದು. ವಾಣಿಜ್ಯ ಹಡಗನ್ನು ಮೊದಲು ನಿಲ್ಲಿಸಬೇಕು, ಸರಕು ಪರೀಕ್ಷಿಸಬೇಕು, ಜನರನ್ನು ಸುರಕ್ಷಿತವಾಗಿಸಿದ ಮೇಲೆಯೇ ಮುಳುಗಿಸಬೇಕು. ದೊಡ್ಡ ಯುದ್ಧನೌಕೆಗೆ ಇದು ಸಾಧ್ಯ. ಜಲಾಂತರ್ಗಾಮಿಯಲ್ಲಿ ತನ್ನ ಸಿಬ್ಬಂದಿಗೇ ಜಾಗವಿಲ್ಲ, ಸೆರೆಸಿಕ್ಕವರನ್ನು ಎಲ್ಲಿ ಇಡುವುದು? ನೀರಿನ ಮೇಲೆ ಬಂದರೆ ಅದರ ಚರ್ಮ ತೀರ ತೆಳು, ಒಂದೇ ಗುಂಡಿಗೆ ತೂತು ಬೀಳುತ್ತದೆ. ಬ್ರಿಟಿಷರು ಸರಕು ಹಡಗಿನ ವೇಷದಲ್ಲಿ ತೋಪು ಬಚ್ಚಿಟ್ಟ ಹಡಗುಗಳನ್ನು ಕಳಿಸಲು ಶುರುಮಾಡಿದ ಮೇಲಂತೂ ಎದುರು ಬಂದು ನಿಲ್ಲಿಸುವುದು ಸಾವಿಗೆ ಆಹ್ವಾನವಾಯಿತು. ಕಾನೂನು ಪಾಲಿಸಿದರೆ ಆಯುಧ ನಿಷ್ಪ್ರಯೋಜಕ, ಮುರಿದರೆ ತಟಸ್ಥ ದೇಶಗಳ ಸಿಟ್ಟು. 1915ರ ಮೇ 7ರಂದು ಲುಸಿಟಾನಿಯಾ ಪ್ರಯಾಣಿಕ ಹಡಗು ಮುಳುಗಿ 1,198 ಜನ ಸತ್ತಾಗ, ಅವರಲ್ಲಿ ನೂರಕ್ಕೂ ಹೆಚ್ಚು ಅಮೆರಿಕನ್ನರಿದ್ದರು. ಜರ್ಮನಿ ಹಿಂದೆಗೆಯಬೇಕಾಯಿತು.

ಒಂದೂವರೆ ವರ್ಷದ ಮೇಲೆ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಹೋಲ್ಟ್ಸೆಂಡಾರ್ಫ್ ಒಂದು ಲೆಕ್ಕ ಮಂಡಿಸಿದ. ತಿಂಗಳಿಗೆ 6 ಲಕ್ಷ ಟನ್‌ನಂತೆ ಐದು ತಿಂಗಳು ಮುಳುಗಿಸಿದರೆ ಬ್ರಿಟನ್ ಅನ್ನವಿಲ್ಲದೆ ಸಂಧಿಗೆ ಬರುತ್ತದೆ, ಅಮೆರಿಕ ಯುದ್ಧಕ್ಕೆ ಬಂದರೂ ಅದರ ಸೈನ್ಯ ತಲುಪುವ ಮೊದಲೇ ಎಲ್ಲ ಮುಗಿದಿರುತ್ತದೆ ಎಂದ. 1917ರ ಫೆಬ್ರವರಿ 1ರಿಂದ ಎಚ್ಚರಿಕೆ ಕೊಡದೆ ಮುಳುಗಿಸುವ ಯುದ್ಧ ಶುರುವಾಯಿತು. ಏಪ್ರಿಲ್ ಒಂದೇ ತಿಂಗಳಲ್ಲಿ 8 ಲಕ್ಷ ಟನ್‌ಗೂ ಹೆಚ್ಚು ಮುಳುಗಿತು. ಮುಳುಗಿಸುವ ಲೆಕ್ಕದಲ್ಲಿ ಆತ ಹೇಳಿದ್ದಕ್ಕಿಂತ ಹೆಚ್ಚೇ ಆಯಿತು, ನೋಡಿ. ತಪ್ಪಿದ್ದು ಉಳಿದ ಎರಡು ಕಡೆ. ಅಮೆರಿಕ ಏಪ್ರಿಲ್ 6ರಂದು ಯುದ್ಧ ಘೋಷಿಸಿತು, ಅದರ ಸೈನ್ಯ ಸಮುದ್ರ ದಾಟಿಯೇ ಬಂತು. ಬ್ರಿಟನ್ ಕಾನ್ವಾಯ್ ಪದ್ಧತಿಗೆ, ಅಂದರೆ ಹಡಗುಗಳನ್ನು ಗುಂಪಾಗಿ ಬೆಂಗಾವಲಿನೊಡನೆ ಕಳಿಸುವ ಪದ್ಧತಿಗೆ ಬಂತು.

ಆ ಪದ್ಧತಿಗೆ ಬ್ರಿಟನ್ನಿನ ನೌಕಾ ಕಚೇರಿಯೇ ವಿರೋಧವಾಗಿತ್ತು. ವಾರಕ್ಕೆ 2,500 ಹಡಗು ಬರುತ್ತವೆ, 2,500 ಹೋಗುತ್ತವೆ, ಇಷ್ಟಕ್ಕೆಲ್ಲ ಬೆಂಗಾವಲು ಎಲ್ಲಿಂದ ತರುವುದು ಎಂದು ಅಧಿಕಾರಿಗಳು ಕೇಳುತ್ತಿದ್ದರು. ರೆಜಿನಾಲ್ಡ್ ಹೆಂಡರ್ಸನ್ ಎಂಬ ಕಿರಿಯ ಅಧಿಕಾರಿ ಆ ಅಂಕಿಯನ್ನೇ ಕೆದಕಿದ. ಒಂದು ಬಂದರಿನಿಂದ ಪಕ್ಕದ ಬಂದರಿಗೆ ಹೋಗುವ ಚಿಕ್ಕಪುಟ್ಟ ದೋಣಿಗಳನ್ನೂ ಅದರಲ್ಲಿ ಎಣಿಸಿದ್ದರು! ದೇಶದ ಜೀವ ಹಿಡಿದಿದ್ದ ಮಹಾಸಾಗರದ ಹಡಗುಗಳು ದಿನಕ್ಕೆ ಇಪ್ಪತ್ತರ ಆಸುಪಾಸು ಮಾತ್ರ. ಅಷ್ಟನ್ನು ಕಾಯಬಹುದು. 1917ರ ಮೇ ತಿಂಗಳಲ್ಲಿ ಜಿಬ್ರಾಲ್ಟರಿನಿಂದ ಮೊದಲ ಪರೀಕ್ಷಾ ಕಾನ್ವಾಯ್ ಹೊರಟು ಸುರಕ್ಷಿತವಾಗಿ ತಲುಪಿತು. ಯುದ್ಧ ಮುಗಿಯುವವರೆಗೆ ಮಹಾಸಾಗರದ ಕಾನ್ವಾಯ್‌ಗಳಲ್ಲಿ ಕಳೆದುಹೋದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದು ಸುಳ್ಳು ಅಂಕಿ ಎಷ್ಟು ಜನರನ್ನು ಕೊಂದಿತು ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: “ಅಲ್ರೀ, ಎಲ್ಲಾ ಹಡಗು ಒಂದ ಕಡೆ ಕೂಡಿ ಹೋದ್ರ ವೈರಿಗೆ ಒಮ್ಮೆಗೇ ಸಿಕ್ಕಹಾಗ ಆತಲ್ಲ?” ಆಗಿನ ಅನುಭವಿ ಕ್ಯಾಪ್ಟನ್‌ಗಳೂ ಇದನ್ನೇ ಕೇಳಿದ್ದರು. ಉತ್ತರ ಸಮುದ್ರದ ವಿಸ್ತಾರದಲ್ಲಿದೆ. ಜಲಾಂತರ್ಗಾಮಿಯ ಮೇಲೆ ನಿಂತವನಿಗೆ ಕಾಣುವುದು ಕೆಲವು ಮೈಲಿ ಅಷ್ಟೇ. ಒಂಟಿ ಹಡಗು ಎಷ್ಟು ದೂರದಿಂದ ಕಾಣುತ್ತದೆಯೋ ನಲವತ್ತು ಹಡಗುಗಳ ಗುಂಪು ಅದಕ್ಕಿಂತ ಸ್ವಲ್ಪವೇ ಹೆಚ್ಚು ದೂರದಿಂದ ಕಾಣುತ್ತದೆ. ನಲವತ್ತೂ ಬೇರೆಬೇರೆ ಹೋದರೆ ಕಾಣಿಸಿಕೊಳ್ಳುವ ಸಂದರ್ಭ ನಲವತ್ತು. ಕೂಡಿ ಹೋದರೆ ಒಂದು. ಉಳಿದ ಸಮುದ್ರವೆಲ್ಲ ಬೇಟೆಗಾರನಿಗೆ ಖಾಲಿ. ಗುಂಪು ಕಣ್ಣಿಗೆ ಬಿದ್ದರೂ ಒಂದೆರಡಕ್ಕೆ ಹೊಡೆಯುವಷ್ಟರಲ್ಲಿ ಬೆಂಗಾವಲಿನವರು ಮೇಲೆ ಬೀಳುತ್ತಾರೆ.

ಎರಡನೆಯ ಮಹಾಯುದ್ಧಕ್ಕೆ ಬರೋಣ. ಮೊದಲ ಯುದ್ಧದಲ್ಲಿ ಯು-ಬೋಟ್, ಅಂದರೆ ಜರ್ಮನ್ ಜಲಾಂತರ್ಗಾಮಿಗಳ ಅಧಿಕಾರಿಯಾಗಿದ್ದ ಕಾರ್ಲ್ ಡೋನಿಟ್ಸ್ ಈಗ ಅವುಗಳ ದಳಪತಿ. ಯಾವ ಹಡಗು, ಎಲ್ಲಿ, ಏನು ಹೊತ್ತಿತ್ತು ಎಂಬುದು ಮುಖ್ಯವಲ್ಲ, ಶತ್ರು ಕಟ್ಟುವುದಕ್ಕಿಂತ ಬೇಗ ನಾವು ಮುಳುಗಿಸಬೇಕು ಎಂಬುದು ಅವನ ಸಿದ್ಧಾಂತ. ಅವನಿಗೆ 300 ಜಲಾಂತರ್ಗಾಮಿ ಬೇಕಿತ್ತು, ಕೈಯಲ್ಲಿದ್ದದ್ದು 57. ಕಾನ್ವಾಯ್‌ಗೆ ಪ್ರತಿಯಾಗಿ ಅವನು ಗುಂಪುದಾಳಿ ರೂಪಿಸಿದ. ಒಂದು ಬೋಟ್ ಕಾನ್ವಾಯ್ ಕಂಡರೆ ರೇಡಿಯೊದಲ್ಲಿ ತಿಳಿಸಿ ಹಿಂಬಾಲಿಸುತ್ತದೆ, ಉಳಿದವು ಬಂದು ಸೇರುತ್ತವೆ, ಕತ್ತಲಲ್ಲಿ ಒಟ್ಟಿಗೆ ನುಗ್ಗುತ್ತವೆ. 1940ರ ಅಕ್ಟೋಬರಿನಲ್ಲಿ ಎಸ್‌ಸಿ-7 ಎಂಬ ಕಾನ್ವಾಯ್‌ನ 35 ಹಡಗುಗಳಲ್ಲಿ 20 ಹೀಗೆ ಹೋದವು.

ಆಗಿನ ಜಲಾಂತರ್ಗಾಮಿಯ ಬಗ್ಗೆ ಒಂದು ಮಾತು ಗಮನದಲ್ಲಿರಲಿ, ಮುಂದಿನದೆಲ್ಲ ಅದರಿಂದಲೇ ತಿಳಿಯುತ್ತದೆ. ಅದು ಬೇಕಾದಾಗ ಮುಳುಗಬಲ್ಲ ದೋಣಿ, ಸದಾ ನೀರಿನಡಿ ಇರುವ ನೌಕೆಯಲ್ಲ. ಮೇಲೆ ಡೀಸೆಲ್ ಎಂಜಿನ್ನಿನಲ್ಲಿ 17 ನಾಟ್, ಅಂದರೆ ಗಂಟೆಗೆ ಸುಮಾರು 31 ಕಿಲೋಮೀಟರ್ ಓಡುತ್ತಿತ್ತು. ಕೆಳಗೆ ಬ್ಯಾಟರಿಯ ಮೇಲೆ ಏಳು ನಾಟ್, ಅದೂ ಸ್ವಲ್ಪ ಹೊತ್ತು. ಹಾಗಾಗಿ ವಿಮಾನವೊಂದು ತಲೆಯ ಮೇಲೆ ಬಂದು ಅದನ್ನು ಮುಳುಗುವಂತೆ ಮಾಡಿದರೆ ಸಾಕು, ಬಾಂಬು ತಾಗದಿದ್ದರೂ ಕಾನ್ವಾಯ್ ಮುಂದೆ ಹೋಗಿಬಿಡುತ್ತಿತ್ತು. ಇಂಥ ದಿನ ಯಾರೂ ಸಾಯುವುದಿಲ್ಲ, ಯಾವ ದಾಖಲೆಯಲ್ಲೂ ಗೆಲುವು ಎಂದು ಬರೆಯುವುದಿಲ್ಲ. ಆದರೆ ಸರಕು ತಲುಪುತ್ತದೆ.

ಇಲ್ಲಿ ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಬರುತ್ತಾರೆ. ಚಿಕ್ಕ ಕಾನ್ವಾಯ್ ಸುರಕ್ಷಿತ ಎಂದು ಬ್ರಿಟಿಷ್ ನೌಕಾಪಡೆ ನಂಬಿತ್ತು. ಬ್ಲ್ಯಾಕೆಟ್ ತಂಡ ಹಳೆಯ ದಾಖಲೆಗಳನ್ನು ಕೂಡಿ ನೋಡಿದಾಗ ದೊಡ್ಡ ಕಾನ್ವಾಯ್‌ಗಳಲ್ಲೇ ಶೇಕಡಾವಾರು ನಷ್ಟ ಕಡಿಮೆ ಎಂದು ಕಂಡಿತು. ಹೊಲದ ಬೇಲಿಯನ್ನು ನೆನಪಿಸಿಕೊಳ್ಳಿ. ಚೌಕಾಕಾರದ ಒಂದು ಎಕರೆಗೆ ಎಷ್ಟು ಬೇಲಿ ಬೇಕೋ ನಾಲ್ಕು ಎಕರೆಗೆ ಅದರ ಎರಡರಷ್ಟು ಸಾಕು. ಹಡಗು ನಾಲ್ಕು ಪಟ್ಟಾದರೆ ಕಾಯಬೇಕಾದ ಅಂಚು ಎರಡೇ ಪಟ್ಟು. ಇದೇ ಬ್ಲ್ಯಾಕೆಟ್ ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಸರ್ಕಾರಕ್ಕೆ ರಕ್ಷಣಾ ವಿಜ್ಞಾನದ ಸಲಹೆಗಾರರಾಗಿ ಭಾರತಕ್ಕೆ ಬಂದರು.

ಈ ಯುದ್ಧದ ಬೆಲೆಯನ್ನು ಮುಳುಗಿದ ಟನ್ನಿನಲ್ಲಿ ಮಾತ್ರ ಅಳೆಯಬಾರದು. ಕಾನ್ವಾಯ್ ಸೇರಲು ಹಡಗು ದಿನಗಟ್ಟಲೆ ಬಂದರಿನಲ್ಲಿ ಕಾಯುತ್ತದೆ, ಎಲ್ಲಕ್ಕಿಂತ ನಿಧಾನದ ಹಡಗಿನ ವೇಗದಲ್ಲಿ ಸುತ್ತುದಾರಿಯಲ್ಲಿ ಹೋಗುತ್ತದೆ, ಎಲ್ಲ ಒಟ್ಟಿಗೆ ಬಂದಾಗ ಇಳಿಸುವವರು ಸಾಲುವುದಿಲ್ಲ. ಒಂದೂ ಮುಳುಗದೆಯೇ ವರ್ಷಕ್ಕೆ ಆಗಬೇಕಾದ ಫೇರಿಗಳಲ್ಲಿ ಗಣನೀಯ ಭಾಗ ಕಳೆದುಹೋಗುತ್ತದೆ. ಹೀಗೆ ಹುಟ್ಟುವ ಹಡಗಿನ ಬರ ಎಲ್ಲೋ ದೂರದಲ್ಲಿ ಇನ್ಯಾರದೋ ಹೊಟ್ಟೆಯ ಮೇಲೆ ಬೀಳುತ್ತದೆ.

ಅದು ಬಂಗಾಳದ ಮೇಲೆ ಬಿತ್ತು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. 1943ರ ಜನವರಿಯಲ್ಲಿ, ಅಟ್ಲಾಂಟಿಕ್‌ನಲ್ಲಿ ಯು-ಬೋಟ್‌ಗಳ ಹಾವಳಿ ತುದಿಮುಟ್ಟುತ್ತಿದ್ದಾಗ, ಚರ್ಚಿಲ್ ಹಿಂದೂ ಮಹಾಸಾಗರದ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬ್ರಿಟನ್ನಿನ ದಾಸ್ತಾನು ತುಂಬಲು ಅತ್ತ ತಿರುಗಿಸಿದರು. ಆ ವರ್ಷದ ಬರದಲ್ಲಿ ಮತ್ತು ಅದರ ಬೆನ್ನಿಗೆ ಬಂಗಾಳದಲ್ಲಿ ಹಸಿವು, ರೋಗದಿಂದ ಸತ್ತವರು ಸುಮಾರು 30 ಲಕ್ಷ ಎಂದು ಅಂದಾಜು. ಬಂಗಾಳದ ಬರಕ್ಕೆ ಯು-ಬೋಟ್ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ದಾಸ್ತಾನುಕೋರರಿದ್ದರು, ಬೆಲೆಯೇರಿಕೆ ಇತ್ತು, ಜಪಾನೀಯರ ಕೈಗೆ ಸಿಗದಿರಲೆಂದು ನದಿಯ ದೋಣಿಗಳನ್ನು ಸರ್ಕಾರವೇ ಕಸಿದುಕೊಂಡಿತ್ತು. ಧಾನ್ಯ ಕಳಿಸಿ ಎಂದು ದೆಹಲಿಯಿಂದ ಮತ್ತೆಮತ್ತೆ ಬೇಡಿಕೆ ಹೋದಾಗ ಬಂದ ಉತ್ತರ ಹಡಗಿಲ್ಲ ಎಂಬುದೇ. ಹಡಗು ಇತ್ತು. ಯಾರಿಗೆ ಮೊದಲು ಎಂದು ತೀರ್ಮಾನಿಸುವ ಅಧಿಕಾರ ನಮ್ಮ ಕೈಯಲ್ಲಿರಲಿಲ್ಲ.

ಆ ಹಡಗುಗಳನ್ನು ನಡೆಸಿದವರಲ್ಲೂ ನಮ್ಮವರಿದ್ದರು. ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ ದುಡಿದ ಭಾರತೀಯ ಖಲಾಸಿಗಳು ಸುಮಾರು 50,000. ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುವವರು ಹೆಚ್ಚಾಗಿ ಸಿಲ್ಹೆಟ್ ಕಡೆಯವರು, ಅಡುಗೆ-ಊಟದ ವಿಭಾಗದಲ್ಲಿ ಗೋವೆಯವರು, ಡೆಕ್ ಮೇಲೆ ಕೊಂಕಣ-ಗುಜರಾತ್ ಕರಾವಳಿಯವರು. ಜಲಾಂತರ್ಗಾಮಿ ನೀರಿನಡಿ ಬಿಡುವ ಸಿಡಿಯುವ ಆಯುಧ, ಅಂದರೆ ಟಾರ್ಪೆಡೊ, ಎಂಜಿನ್ ಕೋಣೆಗೆ ಬಡಿದರೆ ಅಲ್ಲಿದ್ದವರಿಗೆ ಮೇಲೆ ಬರಲು ಸಮಯವೇ ಇರುತ್ತಿರಲಿಲ್ಲ. ಸಂಬಳ ಬಿಳಿಯ ನಾವಿಕನಿಗಿಂತ ತೀರ ಕಡಿಮೆ. 1940ರ ಸೆಪ್ಟೆಂಬರ್ 17ರ ರಾತ್ರಿ ಮುಳುಗಿದ ಸಿಟಿ ಆಫ್ ಬೆನಾರಸ್ ಎಂದರೆ ಬ್ರಿಟನ್ನಿನಲ್ಲಿ ಇಂದಿಗೂ ಕಣ್ಣೀರು. ಬಾಂಬ್ ದಾಳಿಯಿಂದ ಪಾರುಮಾಡಲು ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಅದೇ ಹಡಗಿನಲ್ಲಿ ನೂರರಷ್ಟು ಭಾರತೀಯ ಖಲಾಸಿಗಳೂ ಸತ್ತರು. ಅವರ ಮಾತು ಬಹಳ ಕಾಲ ಯಾರೂ ಎತ್ತಲಿಲ್ಲ. ಇಡೀ ಯುದ್ಧದಲ್ಲಿ ಸತ್ತ ಭಾರತೀಯ ವಾಣಿಜ್ಯ ನಾವಿಕರು 6,000ಕ್ಕೂ ಹೆಚ್ಚು.

ಅಟ್ಲಾಂಟಿಕ್ ಯುದ್ಧ ತಿರುಗಿದ್ದು ಬಲು ಬೇಗ. 1943ರ ಮಾರ್ಚ್‌ನಲ್ಲಿ ಎರಡು ಕಾನ್ವಾಯ್‌ಗಳಿಂದಲೇ 22 ಹಡಗು ಹೋದವು. ಮೇ ತಿಂಗಳಲ್ಲಿ ಡೋನಿಟ್ಸ್ 41 ಜಲಾಂತರ್ಗಾಮಿಗಳನ್ನು ಕಳೆದುಕೊಂಡ, ಅವುಗಳಲ್ಲೊಂದರಲ್ಲಿ ಅವನ ಮಗನೂ ಇದ್ದ. ಅದೇ ತಿಂಗಳ ಕೊನೆಗೆ ಉತ್ತರ ಅಟ್ಲಾಂಟಿಕ್‌ನಿಂದ ಬೋಟ್‌ಗಳನ್ನು ಹಿಂದಕ್ಕೆ ಕರೆಸಿಕೊಂಡ. ದೂರ ಹಾರುವ ಲಿಬರೇಟರ್ ವಿಮಾನ, ಹೊಸ ರಾಡಾರ್, ರೇಡಿಯೊ ಸಂದೇಶದ ದಿಕ್ಕು ಹಿಡಿಯುವ ಉಪಕರಣ, ಜರ್ಮನರ ಎನಿಗ್ಮಾ ಯಂತ್ರದ ಗುಪ್ತ ಸಂಕೇತ ಒಡೆದದ್ದು, ಚಿಕ್ಕ ವಿಮಾನವಾಹಕಗಳು ಎಲ್ಲ ಒಟ್ಟಿಗೆ ಬಂದವು. ಜೊತೆಗೆ ಅಮೆರಿಕ ಲಿಬರ್ಟಿ ಎಂಬ ಬಗೆಯ 2,710 ಸರಕು ಹಡಗುಗಳನ್ನು ಕಟ್ಟಿತು, ಅದರಲ್ಲೊಂದನ್ನು ಐದು ದಿನಕ್ಕೂ ಮೊದಲೇ ನೀರಿಗಿಳಿಸಿತ್ತು. ಮುಳುಗಿಸುವುದಕ್ಕಿಂತ ಬೇಗ ಕಟ್ಟುವ ದೇಶದ ಮುಂದೆ ಡೋನಿಟ್ಸ್‌ನ ಸಿದ್ಧಾಂತ ನಿಲ್ಲಲಿಲ್ಲ. ಜರ್ಮನಿಯ ಸುಮಾರು 40,000 ಜಲಾಂತರ್ಗಾಮಿ ನಾವಿಕರಲ್ಲಿ ನಾಲ್ಕಕ್ಕೆ ಮೂವರು ಮರಳಲಿಲ್ಲ.

ನಮ್ಮ ಸಮುದ್ರದ ಕಡೆಗೊಮ್ಮೆ ಹೊರಳೋಣ. 1942ರ ನವೆಂಬರ್ 23ರಂದು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದ ತಿಲಾವಾ ಎಂಬ ಪ್ರಯಾಣಿಕ ಹಡಗನ್ನು ಜಪಾನಿನ ಐ-29 ಜಲಾಂತರ್ಗಾಮಿ ಮುಳುಗಿಸಿತು. 280 ಜನ ಸತ್ತರು, ಬಹುಪಾಲು ಭಾರತೀಯರು. ಐದು ತಿಂಗಳ ಮೇಲೆ, 1943ರ ಏಪ್ರಿಲ್ ಕೊನೆಗೆ, ಮಡಗಾಸ್ಕರ್ ಬಳಿ ಜರ್ಮನಿಯ ಯು-180ರಿಂದ ಸುಭಾಷ್‌ಚಂದ್ರ ಬೋಸರನ್ನು ಹತ್ತಿಸಿಕೊಂಡದ್ದು ಇದೇ ಐ-29. ಬೋಸರ ಆ ಪ್ರಯಾಣ ನಮಗೆಲ್ಲ ಗೊತ್ತು. ತಿಲಾವಾದಲ್ಲಿ ಸತ್ತವರು ಯಾರಿಗೂ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು ಎಂದು ನನಗನಿಸುತ್ತದೆ.

ಹುಬ್ಬಳ್ಳಿಯಿಂದ ರೈಲಿನಲ್ಲಿ ಕ್ಯಾಸಲ್‌ರಾಕ್ ಇಳಿದರೆ ಸಿಗುವ ಮರ್ಮಗೋವಾದಲ್ಲೂ ಇದರ ಒಂದು ತುಣುಕಿದೆ. ಪೋರ್ಚುಗೀಸರ ಗೋವೆ ತಟಸ್ಥವಾಗಿದ್ದರಿಂದ ಯುದ್ಧದ ಆರಂಭದಲ್ಲಿ ಮೂರು ಜರ್ಮನ್ ಸರಕು ಹಡಗು, ಒಂದು ಇಟಾಲಿಯನ್ ಹಡಗು ಅಲ್ಲಿ ಆಶ್ರಯ ಪಡೆದಿದ್ದವು. ಎಹ್ರೆನ್‌ಫೆಲ್ಸ್ ಎಂಬ ಹಡಗಿನಿಂದ ರೇಡಿಯೊ ಮೂಲಕ ಜಲಾಂತರ್ಗಾಮಿಗಳಿಗೆ ಸುದ್ದಿ ಹೋಗುತ್ತಿದೆ ಎಂಬ ಶಂಕೆ ಬ್ರಿಟಿಷರಿಗೆ. 1943ರ ಮಾರ್ಚ್ 9ರ ರಾತ್ರಿ ಕಲ್ಕತ್ತೆಯಿಂದ ಬಂದ ಒಂದು ತಂಡ, ಅದರಲ್ಲಿ ಹೆಚ್ಚಿನವರು ವ್ಯಾಪಾರಿ ಕಂಪನಿಗಳ ನಡುವಯಸ್ಸಿನ ಬಿಳಿಯ ನೌಕರರು, ಆ ಹಡಗಿನ ಮೇಲೆ ನುಗ್ಗಿತು. ಜರ್ಮನ್ ಸಿಬ್ಬಂದಿ ತಾವೇ ಹಡಗುಗಳನ್ನು ಮುಳುಗಿಸಿದರು. ತಟಸ್ಥ ಬಂದರಿನಲ್ಲಿ ನಡೆದದ್ದರಿಂದ ಸುದ್ದಿಯನ್ನು ದಶಕಗಳ ಕಾಲ ಮುಚ್ಚಿಟ್ಟರು.

ಜಲಾಂತರ್ಗಾಮಿ ಯುದ್ಧ ಪೂರ್ತಿ ಗೆದ್ದದ್ದು ಪೆಸಿಫಿಕ್‌ನಲ್ಲಿ, ಗೆದ್ದದ್ದು ಅಮೆರಿಕ. ಮೊದಲ ಎರಡು ವರ್ಷ ಅವರ ಟಾರ್ಪೆಡೊಗಳೇ ಕೆಟ್ಟಿದ್ದವು. ಹೇಳಿದ್ದಕ್ಕಿಂತ ಆಳದಲ್ಲಿ ಹೋಗುತ್ತಿದ್ದವು, ತಾಗಿದರೂ ಸಿಡಿಯುತ್ತಿರಲಿಲ್ಲ. 1943ರ ಜುಲೈನಲ್ಲಿ ಟಿನೋಸಾ ಎಂಬ ಜಲಾಂತರ್ಗಾಮಿ ನಿಂತುಹೋಗಿದ್ದ ಒಂದು ಜಪಾನೀ ಹಡಗಿನ ಮೇಲೆ ಒಂದರ ಮೇಲೊಂದು ಟಾರ್ಪೆಡೊ ಬಿಟ್ಟರೂ ಬಡಿದು ಬಡಿದು ಸುಮ್ಮನಾದವು. ದೋಷ ತಿದ್ದಿದ ಮೇಲೆ ಜಪಾನಿಗೆ ಉಳಿಗಾಲವಿರಲಿಲ್ಲ. ಅಮೆರಿಕದ ನೌಕಾಪಡೆಯ ನೂರರಲ್ಲಿ ಇಬ್ಬರಷ್ಟು ಜನ ಜಪಾನ್ ಕಳೆದುಕೊಂಡ ವಾಣಿಜ್ಯ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಳುಗಿಸಿದರು. ಅವರ 52 ಜಲಾಂತರ್ಗಾಮಿಗಳೂ ಹೋದವು.

ಜಪಾನ್ ಯುದ್ಧಕ್ಕಿಳಿದದ್ದೇ ಎಣ್ಣೆಗಾಗಿ. ಜಾವಾ, ಸುಮಾತ್ರ, ಬೋರ್ನಿಯೊದ ಬಾವಿಗಳನ್ನು ಗೆದ್ದಿತು, ಆದರೆ ಆ ಎಣ್ಣೆಯನ್ನು ಮನೆಗೆ ತರುವ ಹಡಗುಗಳನ್ನು ಕಾಯುವ ಯೋಚನೆ ಮಾಡಲಿಲ್ಲ. ಅವರ ನೌಕಾಪಡೆಗೆ ಒಂದು ಮಹಾಕಾಳಗದ ಕನಸು. ಬೆಂಗಾವಲಿನ ಕೆಲಸಕ್ಕೆ ಗೌರವವಿರಲಿಲ್ಲ. ಅದಕ್ಕೊಂದು ಪ್ರತ್ಯೇಕ ಮುಖ್ಯಾಲಯ ಆದದ್ದು 1943ರ ನವೆಂಬರಿನಲ್ಲಿ. ಅಷ್ಟರಲ್ಲಿ ಟ್ಯಾಂಕರ್‌ಗಳ ಕೊರತೆ ಎಷ್ಟಾಗಿತ್ತೆಂದರೆ, 1944ರಲ್ಲಿ ಎಣ್ಣೆಯನ್ನು ನೌಕಾಪಡೆಯ ಬಳಿ ತರಲಾಗದೆ ನೌಕಾಪಡೆಯನ್ನೇ ಎಣ್ಣೆಯ ಬಳಿ, ಬೋರ್ನಿಯೊ ಪಕ್ಕದ ತಾವಿ-ತಾವಿಗೆ ಒಯ್ದರು. ಅಲ್ಲಿ ವಿಮಾನ ನಿಲ್ದಾಣ ಇರಲಿಲ್ಲ. ಹೊರಗೆ ಅಮೆರಿಕದ ಜಲಾಂತರ್ಗಾಮಿಗಳು ಹೊಂಚುಹಾಕಿದ್ದರಿಂದ ವಿಮಾನವಾಹಕಗಳು ಸಮುದ್ರಕ್ಕೆ ಹೋಗಿ ಪೈಲಟ್‌ಗಳಿಗೆ ಅಭ್ಯಾಸ ಕೊಡಲಾಗಲಿಲ್ಲ. ಆ ಅರೆಬರೆ ಪೈಲಟ್‌ಗಳೇ ಜೂನ್‌ನಲ್ಲಿ ಫಿಲಿಪೈನ್ ಸಮುದ್ರದ ಕಾಳಗಕ್ಕೆ ಹಾರಿದರು, ನೂರಾರು ವಿಮಾನಗಳು ಉರುಳಿದವು. ಎರಡು ವಿಮಾನವಾಹಕಗಳನ್ನು ಜಲಾಂತರ್ಗಾಮಿಗಳೇ ಮುಳುಗಿಸಿದವು. ಅವರು ಕನಸು ಕಂಡ ಮಹಾಕಾಳಗ ಬಂತು, ಆದರೆ ಅದರ ಫಲವನ್ನು ಟ್ಯಾಂಕರ್‌ಗಳು ಮುಳುಗಿದ್ದೇ ಬರೆದಿಟ್ಟಿತ್ತು.

ಯುದ್ಧದ ನಂತರ ನ್ಯೂರೆಂಬರ್ಗ್‌ನಲ್ಲಿ ಡೋನಿಟ್ಸ್‌ನ ವಿಚಾರಣೆ ನಡೆದಾಗ ಅಮೆರಿಕದ ಅಡ್ಮಿರಲ್ ನಿಮಿಟ್ಸ್, ಪೆಸಿಫಿಕ್‌ನಲ್ಲಿ ತಾವೂ ಮೊದಲ ದಿನದಿಂದ ಎಚ್ಚರಿಕೆ ಕೊಡದೆ ಮುಳುಗಿಸಿದೆವು ಎಂದು ಲಿಖಿತ ಹೇಳಿಕೆ ಕೊಟ್ಟರು. ಡೋನಿಟ್ಸ್‌ಗೆ ಹತ್ತು ವರ್ಷ ಸೆರೆಯಾಯಿತು, ಆದರೆ ಜಲಾಂತರ್ಗಾಮಿ ಯುದ್ಧದ ಕಾನೂನು ಮುರಿದದ್ದನ್ನು ಆ ಶಿಕ್ಷೆಗೆ ಆಧಾರವಾಗಿಸಲಿಲ್ಲ. ಜನರನ್ನು ಸುರಕ್ಷಿತವಾಗಿಸದೆ ವಾಣಿಜ್ಯ ಹಡಗನ್ನು ಮುಳುಗಿಸಬಾರದೆಂಬ 1936ರ ಲಂಡನ್ ಒಪ್ಪಂದದ ನಿಯಮ ಕಾಗದದ ಮೇಲೆ ಇನ್ನೂ ಇದೆ.

ಇವತ್ತಿನ ಭಾರತಕ್ಕೆ ಬರುತ್ತೇನೆ. ನಮ್ಮ ವಿದೇಶ ವ್ಯಾಪಾರ ತೂಕದ ಲೆಕ್ಕದಲ್ಲಿ ನೂರಕ್ಕೆ 95ರಷ್ಟು ಸಮುದ್ರದ ಮೇಲೆ ನಡೆಯುತ್ತದೆ. ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿರುವುದು ಇದಕ್ಕೇ. ವಿಶಾಖಪಟ್ಟಣದ್ದನ್ನು ಸೇರಿಸಿದರೂ ದೇಶಕ್ಕೆ ಹತ್ತು ದಿನಕ್ಕೂ ಸಾಲದು. ನನಗೆ ಹೆಚ್ಚು ಚಿಂತೆ ಹಡಗಿನ ಧ್ವಜದ್ದು. 1980ರ ದಶಕದ ಕೊನೆಗೆ ನಮ್ಮ ವಿದೇಶ ವ್ಯಾಪಾರದ ನೂರಕ್ಕೆ 40ರಷ್ಟನ್ನು ಭಾರತದ ಹಡಗುಗಳೇ ಹೊರುತ್ತಿದ್ದವು. ಇಂದು ಹತ್ತರಲ್ಲಿ ಒಂದು ಪಾಲೂ ಇಲ್ಲ. ವಿದೇಶಿ ಮಾಲೀಕ ಅಪಾಯ ಕಂಡರೆ ಬರುವುದಿಲ್ಲ, ಅವನನ್ನು ಕಟ್ಟಿಹಾಕುವ ಕಾನೂನು ನಮ್ಮಲ್ಲಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಇದನ್ನೇ ಕಂಡೆವು. ಅಲ್ಲಿ ಜಲಾಂತರ್ಗಾಮಿ ಇರಲಿಲ್ಲ, ಕ್ಷಿಪಣಿ-ಡ್ರೋನ್‌ಗಳಿದ್ದವು. ಮುಳುಗಿದ ಹಡಗು ಬೆರಳೆಣಿಕೆಯಷ್ಟು, ಆದರೆ ವಿಮೆಯ ದರ ಏರಿ ನೂರಾರು ಹಡಗುಗಳು ಆಫ್ರಿಕವನ್ನೇ ಸುತ್ತಿ ಹೋದವು. ಕಾರವಾರದ ಕದಂಬ ನೆಲೆಗೆ ಹೊಸ ಯುದ್ಧನೌಕೆ ಬಂದಾಗ ನಾವು ಹೆಮ್ಮೆಪಡುವುದು ಸರಿಯೇ. ಆದರೆ ಅದು ಕಾಯಬೇಕಾದ ಸರಕು ಹಡಗಿನ ಮೇಲೆ ನಮಗೇ ಅಧಿಕಾರ ಇರಬೇಕು ಎಂಬುದು 1943ರ ಬಂಗಾಳ ಓದಿದ ಯಾರಿಗೂ ಅನಿಸುತ್ತದೆ.

ಪ್ರಶ್ನೋತ್ತರದಲ್ಲಿ ವಿದ್ಯಾರ್ಥಿನಿಯೊಬ್ಬರು, ಅಣುಶಕ್ತಿಯ ಜಲಾಂತರ್ಗಾಮಿ ಬಂದ ಮೇಲೆ ಕಾನ್ವಾಯ್ ನಡೆಯುತ್ತದೆಯೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅಣುಶಕ್ತಿಯದು ತಿಂಗಳುಗಟ್ಟಲೆ ಮೇಲೆ ಬರಬೇಕಿಲ್ಲ, ನೀರಿನಡಿಯಲ್ಲೇ 25 ನಾಟ್‌ಗೂ ಹೆಚ್ಚು ಓಡುತ್ತದೆ. ಮುಳುಗಿಸಿಟ್ಟರೆ ಹಿಂದೆ ಬೀಳುತ್ತದೆ ಎಂಬ 1943ರ ಅನುಕೂಲ ಅದರ ಮುಂದೆ ಇಲ್ಲ. ಆದರೆ ಅಂಥವು ಜಗತ್ತಿನ ಕೆಲವೇ ದೇಶಗಳ ಬಳಿ ಇವೆ, ಒಂದೊಂದರಲ್ಲಿ ಇರುವ ಟಾರ್ಪೆಡೊಗಳು ಕೆಲವು ಡಜನ್. ಹೆಚ್ಚಿನ ದೇಶಗಳಲ್ಲಿ ಇರುವುದು ಇಂದಿಗೂ ಡೀಸೆಲ್-ಬ್ಯಾಟರಿಯವೇ. ಅವು ಮೊದಲಿಗಿಂತ ಬಹಳ ಹೊತ್ತು ಕೆಳಗಿರಬಲ್ಲವು, ಆದರೂ ನಿಧಾನ. ಅದಕ್ಕಿಂತ ದೊಡ್ಡ ಬದಲಾವಣೆ ಸರಕು ಹಡಗಿನಲ್ಲೇ ಆಗಿದೆ. ಲಿಬರ್ಟಿ ಹಡಗು ಸುಮಾರು 10,000 ಟನ್ ಹೊರುತ್ತಿತ್ತು. ಇಂದಿನ ಅತಿದೊಡ್ಡ ಕಂಟೇನರ್ ಹಡಗು 2 ಲಕ್ಷ ಟನ್‌ಗೂ ಹೆಚ್ಚು ಹೊರುತ್ತದೆ. ಇಪ್ಪತ್ತು ಹಡಗಿನ ಒಂದು ಕಾನ್ವಾಯ್ ಈಗ ಒಂದೇ ಹಡಗಿನೊಳಗಿದೆ. ಬೆಂಗಾವಲು ಕೊಡಬೇಕಾದ ಹಡಗುಗಳು ಕಡಿಮೆಯಾದವು. ಎಸ್‌ಸಿ-7ರಲ್ಲಿ ಒಂದು ರಾತ್ರಿ ಪೂರ್ತಿ ಬೇಟೆಯಾಡಿ ಮಾಡಿದ ಹಾನಿಗೆ ಈಗ ಒಂದೆರಡು ಟಾರ್ಪೆಡೊ ಸಾಕು ಎಂಬುದೂ ಅಷ್ಟೇ ನಿಜ. ಅಂಥ ಹಡಗನ್ನು ಐದು ದಿನದಲ್ಲಿ ಕಟ್ಟಿಕೊಡುವ ಕಾರ್ಖಾನೆ ಇಂದು ಯಾವ ದೇಶದಲ್ಲೂ ಇಲ್ಲ.